ಮರಿ ಟ್ರ್ಯಾಕ್ಟರಿನ ಒಂದು ‘ಪುಸ್’

“ಕ್ಲಚ್ ಒತ್ತಿ! ಅತ್ತಿಗೆ, ಕ್ಲಚ್ ಒತ್ತೀ!”

ಕಳೆದ ತಿಂಗಳು ಒಂದು ಶನಿವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾನು ಹೀಗೆ ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಪುಣ್ಯಕ್ಕೆ ಅತ್ತಿಗೆ ನನ್ನ ಮಾತು ಕೇಳಲಿಲ್ಲ. ಕೇಳಿದ್ದರೆ ಈ ವಾರ ನಾನು ಬರೆಯಬೇಕಾಗಿದ್ದ ಬರಹವೇ ಬೇರೆ ಇರುತ್ತಿತ್ತು.

ಅವತ್ತಿನಿಂದ ನನಗೊಂದು ಕಾಯಿಲೆ ಅಂಟಿಕೊಂಡಿದೆ. ಸಿಟಿ ಬಸ್ಸಿನಲ್ಲಿ ಕೂತಿರುತ್ತೇನೆ, ಡ್ರೈವರ್ ಸ್ವಲ್ಪ ಜೋರಾಗಿ ಬ್ರೇಕ್ ಹಾಕುತ್ತಾನೆ, ನನ್ನ ಎಡಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಕ್ಲಾಸಿನಲ್ಲಿ ಪಾಠ ಮಾಡುವಾಗಲೂ ಅಷ್ಟೇ. ಹೊರಗೆ ಯಾವುದಾದರೂ ಗಾಡಿ ಮುಕ್ಕರಿಸಿದ ಸದ್ದು ಕೇಳಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. (ವಿದ್ಯಾರ್ಥಿಗಳಿಗೆ ಇದು ಸಂತೋಷದ ವಿಷಯ, ಅದು ಬೇರೆ ಮಾತು.)

ಏನಾಯಿತು ಅಂತ ಮೊದಲಿನಿಂದ ಹೇಳುತ್ತೇನೆ.

ನಾನು ಮೈಸೂರಿನಲ್ಲಿ ಕಾಲೇಜು ಮಕ್ಕಳಿಗೆ ಕಾಮರ್ಸ್ ಹೇಳಿಕೊಡುವವನು ಎಂಬುದು ನಿಮಗೆ ಗೊತ್ತೇ ಇದೆ. ಅಣ್ಣ ಮಾದೇವ, ಅತ್ತಿಗೆ ಸುನಂದಾ ಊರಲ್ಲಿದ್ದಾರೆ. ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ನಮ್ಮೂರು. ಹೊಗೆಸೊಪ್ಪು, ಶುಂಠಿ, ಒಂದಿಷ್ಟು ರಾಗಿ. ಅಣ್ಣ ಹಾಲಿನ ಡೇರಿಯ ಸೆಕ್ರೆಟರಿ. ಬೆಳಗ್ಗೆ ಸಂಜೆ ಡೇರಿ ಬಿಟ್ಟು ಕದಲುವ ಹಾಗಿಲ್ಲ. ಹಾಗಾಗಿ ಜಮೀನು ಅಂದರೆ ಅತ್ತಿಗೆ. ಅತ್ತಿಗೆ ಅಂದರೆ ಅವರ ಮಿನಿ ಟ್ರ್ಯಾಕ್ಟರ್.

ಊರವರು ಅದನ್ನು ‘ಮರಿ ಟ್ಯಾಕ್ಟ್ರು’ ಅನ್ನುತ್ತಾರೆ. ಶುಂಠಿ ಪಟ್ಟೆಗಳ ನಡುವೆ ನುಗ್ಗುವಷ್ಟು ಪುಟ್ಟದು. ಸೆಕೆಂಡ್ ಹ್ಯಾಂಡ್. ಬಣ್ಣ ಯಾವುದು ಅಂತ ಕೇಳಿದರೆ ಹೇಳುವುದು ಕಷ್ಟ. ಅದನ್ನು ಅತ್ತಿಗೆಗೆ ಯಾರೂ ಕಲಿಸಲಿಲ್ಲ. ಅವರ ತವರು ಚುಂಚನಕಟ್ಟೆಯ ಕಡೆ. ಗದ್ದೆಯ ಕೆಸರಲ್ಲಿ ಅಪ್ಪನ ಪವರ್ ಟಿಲ್ಲರ್ ಹಿಡಿದು ಬೆಳೆದವರು. ಮನೆಗೆ ಟ್ರ್ಯಾಕ್ಟರ್ ಬಂದ ದಿನ ಅಣ್ಣ ಮ್ಯಾನ್ಯುಯಲ್ ಹುಡುಕುತ್ತಿದ್ದ. ಅವನಿಗೆ ಅದು ಸಿಗುವಷ್ಟರಲ್ಲಿ ಇವರು ಹಿತ್ತಲು ಉತ್ತು ಮುಗಿಸಿದ್ದರು.

ಆ ಶನಿವಾರ ನಾನು ಊರಿಗೆ ಹೋಗಿದ್ದೆ. ಬ್ಯಾರನ್ ಉರಿಯುತ್ತಿತ್ತು. (ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ನೇತುಹಾಕಿ ಬಿಸಿಯಲ್ಲಿ ಹದ ಮಾಡುವ ಎತ್ತರದ ಕೋಣೆ. ನಮ್ಮ ಕಡೆ ಊರಿಗಿಂತ ಮೊದಲು ಕಾಣುವುದು ಅದರ ತಲೆಯೇ.) ಒಮ್ಮೆ ಬೆಂಕಿ ಹಾಕಿದ ಮೇಲೆ ಸೊಪ್ಪು ಹದಕ್ಕೆ ಬರುವವರೆಗೆ ಸೌದೆ ತಪ್ಪುವಂತಿಲ್ಲ. ಅತ್ತಿಗೆ ಹೊಲದ ಆಚೆ ತುದಿಯಿಂದ ಟ್ರೇಲರಿನಲ್ಲಿ ನೀಲಗಿರಿ ತುಂಡುಗಳನ್ನು ಸಾಗಿಸುತ್ತಿದ್ದರು. ಎರಡು ಲೋಡು ಮುಗಿದಿತ್ತು. ಮೂರನೆಯದು ಬರುತ್ತಿತ್ತು.

ದಾರಿಯಲ್ಲಿ ಒಂದು ಕೃಷಿ ಹೊಂಡವಿದೆ. ಮಳೆ ನೀರು ನಿಲ್ಲಿಸಲು ತೋಡಿ, ಒಳಗೆ ಕಪ್ಪು ಪ್ಲಾಸ್ಟಿಕ್ ಹಾಸಿರುವ ಹೊಂಡ. ಆ ಪ್ಲಾಸ್ಟಿಕ್ ಎಷ್ಟು ಜಾರುತ್ತದೆ ಅಂದರೆ, ಒಳಗೆ ಬಿದ್ದ ನಾಯಿಯೂ ಮೇಲೆ ಹತ್ತಲಾರದು. ಮನುಷ್ಯರೂ ಹತ್ತಲಾರರು. ದಾರಿ ಹೊಂಡದ ಪಕ್ಕ ಇಳಿದು, ಅಲ್ಲಿಂದ ಬ್ಯಾರನ್ ಕಡೆಗೆ ಏರುತ್ತದೆ. ಏರು ಹತ್ತುವ ಗಾಡಿಯ ಬೆನ್ನಿಗೆ ನೇರವಾಗಿ ಹೊಂಡ. ನಾನು ಏರಿನ ಮೇಲೆ ನಿಂತು ಮೊಬೈಲ್ ನೋಡುತ್ತಿದ್ದೆ.

ಎಂಜಿನ್ನಿನ ಸದ್ದು ಬದಲಾಯಿತು. ‘ಡುಗುಡುಗು’ ಅನ್ನುತ್ತಿದ್ದದ್ದು ಏರಿನ ನಡುವೆ ‘ಡುಗ್... ಡುಗ್...’ ಆಯಿತು. ತಲೆ ಎತ್ತಿ ನೋಡಿದರೆ ಮರಿ ಟ್ರ್ಯಾಕ್ಟರ್ ಮೂಗು ಮೇಲೆ ಮಾಡಿ ನಿಂತಿದೆ. ಅತ್ತಿಗೆ ಆಕ್ಸಿಲರೇಟರ್ ಕೊಡುತ್ತಿದ್ದಾರೆ, ಅದು ತೆಗೆದುಕೊಳ್ಳುತ್ತಿಲ್ಲ. ಎಂಜಿನ್ ಆಫ್ ಆಯಿತು.

ಆಮೇಲೆ ಒಂದು ಕ್ಷಣ ಏನೂ ಆಗಲಿಲ್ಲ. ನನಗೆ ಈಗಲೂ ಕಾಡುವುದು ಆ ಕ್ಷಣ. ಹಿಂದೆಯೇ ಟ್ರೇಲರಿನ ಭಾರ ಜಗ್ಗಿತು. ಹಿಂದಿನ ದಿನದ ಮಳೆಗೆ ನೆನೆದ ಕೆಂಪು ಮಣ್ಣಿನ ಮೇಲೆ ಇಡೀ ಗಾಡಿ ಇಷ್ಟಿಷ್ಟೇ ಹಿಂದಕ್ಕೆ ಜಾರತೊಡಗಿತು.

ಆಗಲೇ ನಾನು ಕೂಗಿದ್ದು. ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಎಂಜಿನ್ ಒದ್ದಾಡಿದರೆ ಕ್ಲಚ್ ಒತ್ತಬೇಕು ಎಂದು ನನ್ನ ಕಾಲಿಗೆ ಗೊತ್ತು. ಆ ಕಾಲಿನ ಬುದ್ಧಿ ಬಾಯಿಗೆ ಬಂತು.

ಅತ್ತಿಗೆ ಒತ್ತಲಿಲ್ಲ. ಹಾರಿಯೂ ಹೋಗಲಿಲ್ಲ. ಬ್ರೇಕಿನ ಮೇಲೆ ಎದ್ದು ನಿಂತರು. ನಿಜವಾಗಿ ಎದ್ದು ನಿಂತರು, ಸೈಕಲ್ ಪೆಡಲ್ ತುಳಿಯುವವರ ಹಾಗೆ. ಕತ್ತು ತಿರುಗಿಸಿ ಟ್ರೇಲರ್ ನೋಡಿದರು. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ಎಳೆದರು. ಜಾರುತ್ತಿದ್ದ ಟ್ರೇಲರ್ ಮಡಚಿಕೊಂಡು, ಅಡ್ಡ ತಿರುಗಿ, ಹೊಂಡದ ಅಂಚಿನ ಹೊಂಗೆ ಮರದ ಬುಡಕ್ಕೆ ‘ಧಡ್’ ಅಂತ ಕಚ್ಚಿಕೊಂಡಿತು.

ನಿಂತಿತು.

ಟ್ರೇಲರಿನ ಒಂದು ಚಕ್ರ ಹೊಂಡದ ಅಂಚಿನಿಂದ ಆಚೆ, ಗಾಳಿಯಲ್ಲಿ ಇನ್ನೂ ತಿರುಗುತ್ತಿತ್ತು. ಸೌದೆ ತುಂಡುಗಳು ಒಂದೊಂದಾಗಿ ಉರುಳಿ ನೀರಿಗೆ ಬೀಳುತ್ತಿದ್ದವು. ದುಡುಂ. ದುಡುಂ. ಎಷ್ಟು ಬಿದ್ದವು ಅಂತ ನಾನು ಎಣಿಸುತ್ತಿದ್ದೆ. (ಯಾಕೆ ಎಣಿಸಿದೆ? ನನಗೂ ಗೊತ್ತಿಲ್ಲ.) ಅತ್ತಿಗೆ ಬ್ರೇಕ್ ಲಾಕ್ ಮಾಡಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟು, ನೆಲದ ಮೇಲೆ ಕೂತರು. ನಾನು ಓಡಿಹೋಗಿ ಪಕ್ಕದಲ್ಲಿ ಕುಸಿದೆ. ಅವರು ಕೇಳಿದ ಮೊದಲ ಮಾತು:

“ಮೇಷ್ಟ್ರೇ, ನನ್ ಇನ್ನೊಂದು ಚಪ್ಪಲಿ ನೋಡಿದ್ರಾ?”

ಅದು ಹೊಂಡದ ನಡುವೆ ತೇಲುತ್ತಿತ್ತು.

ಸುದ್ದಿ ಊರಿಗೆ ಮುಟ್ಟಲು ಎಷ್ಟು ಹೊತ್ತು? ಅಣ್ಣ ಡೇರಿಯಿಂದ ಹಾಲಿನ ಅಳತೆ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. ಹೊಂಡ ನೋಡಿದ, ಚಕ್ರ ನೋಡಿದ, ಹೆಂಡತಿಯನ್ನು ನೋಡಿದ. ಹಿಂದೆಯೇ ಪಕ್ಕದ ಹೊಲದ ಕರಿಯಪ್ಪ ಬಂದರು. ಅವರಿಗೆ ಮಾತಿನ ಕೊರತೆ ಇರಲಿಲ್ಲ.

“ನಾ ಅವತ್ತೇ ಯೋಳ್ದೆ ಕಣ್ಲಾ ಮಾದೇವ. ಎಂಗುಸ್ರು ಕೈಗೆ ಟ್ಯಾಕ್ಟ್ರು ಕೊಡ್ಬ್ಯಾಡ ಅಂತ. ಎಲ್ ಕೇಳ್ದೆ ನೀನು?”

“ಎಂಜಿನ್ ಉಸ್ರು ಕಟ್ತು ಕಣಣ್ಣ. ನಾನೇನ್ ಮಾಡ್ಲಿ?” ಅಂದರು ಅತ್ತಿಗೆ.

“ಎಂಜಿನ್ ಮ್ಯಾಲೆ ಯಾಕವ್ವ ಆಕ್ತೀಯೆ?” ಅಂದವರೇ ಕರಿಯಪ್ಪ ಗಾಡಿ ಹತ್ತಿದರು. ಮೊದಲು ಮುಚ್ಚಳ ತೆಗೆದು ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ ಅಂತ ಇಣುಕಿ ನೋಡಿದರು. ಇತ್ತು. ಮುಚ್ಚಳ ಹಾಕಿದರು. ಹತ್ತಾರು ಸಲ ಸೆಲ್ಫ್ ಹೊಡೆದರು. ಏನಾಯಿತು ಹೇಳಿ? ಎಂಜಿನ್ ಸ್ಟಾರ್ಟ್ ಆಯಿತು! ಅದೂ ಎಂಥ ಸದ್ದು, ಹೊಸ ಗಾಡಿಯ ಹಾಗೆ.

“ನೋಡ್ಲಾ. ಗುಂಡ್ಕಲ್ಲಂಗದೆ ಎಂಜಿನ್ನು. ಓಡ್ಸೋರ್ದೇ ತೆಪ್ಪು, ಬುಡು.”

ಅಲ್ಲಿಗೆ ತೀರ್ಪು ಮುಗಿಯಿತು. ಅಣ್ಣ ಕೀ ಕಿತ್ತುಕೊಂಡು ಡೇರಿಯ ಬೀಗದ ಗೊಂಚಲಿಗೆ ಸೇರಿಸಿದ. ಆ ಗೊಂಚಲು ಅವನ ಸೊಂಟ ಬಿಟ್ಟು ಇಳಿಯುವುದಿಲ್ಲ.

“ಇನ್ಮೇಲೆ ನೀನು ಅದ್ನ ಮುಟ್ಬ್ಯಾಡ” ಅಂದ. ಅಷ್ಟೇ.

ನಾನಲ್ಲಿ ಏನು ಹೇಳಿದೆ ಎಂದು ನೀವು ಕೇಳಬಹುದು. ಕಣ್ಣಾರೆ ನೋಡಿದವನು ನಾನೊಬ್ಬನೇ. ಎಂಜಿನ್ ಸತ್ತದ್ದು ಮೊದಲು, ಗಾಡಿ ಜಾರಿದ್ದು ಆಮೇಲೆ ಎಂದು ಹೇಳಬಹುದಿತ್ತು. ಹೇಳಿದೆ ಕೂಡ. ಆದರೆ ನನ್ನ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಕರಿಯಪ್ಪ ನನ್ನ ಬೆನ್ನು ತಟ್ಟಿ, “ನೀರ್ ಕುಡ್ಕೋ ಓಗಪ್ಪ” ಅಂದರು. ನಡುಗುವವನ ಸಾಕ್ಷಿಯನ್ನು ಯಾರು ಬರೆದುಕೊಳ್ಳುತ್ತಾರೆ?

ಅದಾದ ಮೇಲೆ ನಾನು ಪ್ರತಿ ವಾರವೂ ಊರಿಗೆ ಹೋದೆ. ಮೈಸೂರಿನಲ್ಲಿ ಕೂರಲು ಆಗುತ್ತಿರಲಿಲ್ಲ. ಹೋದಾಗಲೆಲ್ಲ ಕಂಡದ್ದು ಒಂದೇ: ಅತ್ತಿಗೆ ಅದೇ ಹೊಂಡದ ಪಕ್ಕ, ಅದೇ ಏರಿನಲ್ಲಿ, ತಲೆಯ ಮೇಲೆ ಸೌದೆ ಹೊತ್ತು ಬರುತ್ತಿದ್ದರು. ಗಾಡಿ ಕೊಟ್ಟಿಗೆಯ ಪಕ್ಕ ಟಾರ್ಪಾಲು ಹೊದ್ದು ನಿಂತಿತ್ತು. ಅತ್ತಿಗೆ ದೂರಲಿಲ್ಲ. ಆದರೆ ಟ್ರ್ಯಾಕ್ಟರ್ ಪಕ್ಕ ಹಾಯುವಾಗ ಅದರ ಕಡೆ ನೋಡುತ್ತಿರಲಿಲ್ಲ. ನೋಡದೇ ಇರಲು ಅವರು ಕಷ್ಟಪಡುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಅಣ್ಣ ಸುಮ್ಮನೆ ಕೂತಿರಲಿಲ್ಲ. ಪಿರಿಯಾಪಟ್ಟಣದಿಂದ ಒಬ್ಬ ಮೆಕ್ಯಾನಿಕ್ ಕರೆಸಿದ. ಅವನೂ ಮೊದಲು ಮುಚ್ಚಳ ತೆಗೆದು ಡೀಸೆಲ್ ನೋಡಿದ. ಸ್ಟಾರ್ಟ್ ಮಾಡಿದ. ಹತ್ತು ನಿಮಿಷ ಓಡಿಸಿದ. ಎಲ್ಲ ಚೆನ್ನಾಗಿದೆ ಅಂದ. ಆದರೂ ಬಂದದ್ದಕ್ಕೆ ಅಂತ ಡೀಸೆಲ್ ಫಿಲ್ಟರ್ ಬದಲಾಯಿಸಿದ. ಅಣ್ಣ ತಾನೇ ಹೊಲಕ್ಕೆ ಕೊಂಡುಹೋದ. ಅರ್ಧ ಗಂಟೆಗೆ ಸೊರಗಿ ನಿಂತಿತು. ಎರಡನೆಯ ಮೆಕ್ಯಾನಿಕ್ ಬಂದ. ಅವನೂ ಮುಚ್ಚಳ ತೆಗೆದ, ಡೀಸೆಲ್ ನೋಡಿದ. ಪೈಪಿನಲ್ಲಿ ಗಾಳಿ ಹಿಡಿದಿದೆ ಅಂತ ಗಾಳಿ ಬಿಡಿಸಿದ. ಮತ್ತೆ ಸರಿಹೋಯಿತು. ಮತ್ತೆ ಅರ್ಧ ಗಂಟೆಗೆ ನಿಂತಿತು. “ಪಂಪ್ ಬಿಚ್ಚಬೇಕು, ಮೈಸೂರಿಗೆ ಕಳಿಸಬೇಕು” ಅಂದ.

ಈ ನಡುವೆ ಅತ್ತಿಗೆ ಒಂದು ಮಾತು ಹೇಳಿದ್ದರು. ನಾನಿದ್ದಾಗಲೇ ಹೇಳಿದ್ದರು. ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೂತಿದ್ದವರು ಅಣ್ಣನಿಗೆ, “ಅದು ನಿಂತಾಗ ಮುಚ್ಚಳ ತಗುದ್ರೆ ‘ಪುಸ್’ ಅಂತದೆ ಕಣ್ರೀ. ಮುಂಚೆ ಅಂಗ್ ಅಂತಿರ್ಲಿಲ್ಲ” ಅಂದರು.

“ಪುಸ್ ಅಂದ್ರೆ?” ಅಂದ ಅಣ್ಣ.

“ಪುಸ್ ಅಂದ್ರೆ ಪುಸ್. ಇನ್ನೇನ್ ಯೋಳ್ಲಿ?”

ಅಣ್ಣ ನಕ್ಕ. ನಾನೂ ನಕ್ಕೆ. ಡೀಸೆಲ್ ಟ್ಯಾಂಕು, ಪುಸ್ ಅನ್ನದೆ ಇನ್ನೇನು ಅಂದೀತು?

ಹುಣಸೂರಿನ ಇಲ್ಯಾಸ್ ಭಾಯಿಯ ಹೆಸರು ಹೇಳಿದ್ದು ನನ್ನ ಸಹೋದ್ಯೋಗಿಯೊಬ್ಬರು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಸಣ್ಣ ಗ್ಯಾರೇಜು. ಅರವತ್ತು ದಾಟಿರಬಹುದು. ಬಿಳಿ ಗಡ್ಡದಲ್ಲಿ ಒಂದು ಕಡೆ ಗ್ರೀಸು. ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳಿಂದಲೂ ಟಿಲ್ಲರುಗಳನ್ನು ಆಟೋದಲ್ಲಿ ಹಾಕಿಕೊಂಡು ಇವರ ಹತ್ತಿರ ಬರುತ್ತಾರಂತೆ. ನಾನು ಹೋಗಿ ಸಮಾಚಾರ ಪೂರ್ತಿ ಹೇಳಿದೆ. ಫಿಲ್ಟರು, ಗಾಳಿ, ಪಂಪು, ಎಲ್ಲ. ಅವರು ಟೀ ಕುಡಿಯುತ್ತಾ ಕೇಳಿದ್ದು ಒಂದೇ ಪ್ರಶ್ನೆ:

“ಓಡ್ಸೋರು ಯಾರು ಸಾರ್?”

“ನಮ್ಮ ಅತ್ತಿಗೆ.”

“ಅವ್ರು ಏನಂತಾರೆ?”

ಅವರನ್ನು ನಾವು ಕೇಳಿರಲೇ ಇಲ್ಲ. ಮೂರು ವಾರ, ಇಬ್ಬರು ಮೆಕ್ಯಾನಿಕ್ಕುಗಳು, ಒಬ್ಬ ಸೆಕ್ರೆಟರಿ, ಒಬ್ಬ ಲೆಕ್ಚರರ್. ಈ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಭಾನುವಾರ ಬೆಳಗ್ಗೆ ಇಲ್ಯಾಸ್ ಭಾಯಿ ತಮ್ಮ ಹಳೇ ಮೊಪೆಡ್ಡಿನಲ್ಲಿ ಬಂದರು. ಅಣ್ಣ ಸೊಂಟದ ಗೊಂಚಲು ಬಿಚ್ಚಿ, “ಬನ್ನಿ ಭಾಯಿ, ಓಡ್ಸಿ ತೋರಿಸ್ತೀನಿ” ಅಂದ.

“ಅವತ್ತು ಮ್ಯಾಲೆ ಕೂತಿದ್ದು ನೀವಾ?”

“ಇಲ್ಲ. ನಮ್ಮನೇರು.”

“ಮತ್ತೆ? ಹೊಟ್ಟೆನೋವು ಬಂದಿದ್ದು ಅವ್ರಿಗೆ. ಡಾಕ್ಟ್ರಿಗೆ ನಾಲ್ಗೆ ತೋರ್ಸಾಕೆ ನೀವು ಬತ್ತೀರಾ?”

ಬೇಲಿಯ ಆಚೆಯಿಂದ ಕರಿಯಪ್ಪ ಕಿಸಕ್ಕನೆ ನಕ್ಕರು. (ಅವರು ಅಲ್ಲಿ ಇರದೆ ಇರುತ್ತಾರೆಯೇ?) ಅಣ್ಣ ಕೀಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಅತ್ತಿಗೆಯನ್ನು ಕರೆದ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು.

“ಯೋಳಿ ಅಕ್ಕ. ಎಷ್ಟೊತ್ತಾದ್ಮ್ಯಾಲೆ ಉಸ್ರು ಕಟ್ತದೆ?”

“ಸಣ್ಣಪುಟ್ಟ ಕೆಲ್ಸಕ್ಕೆ ಏನೂ ಆಗಲ್ಲ. ಅರ್ಧ ಗಂಟೆ ಲೋಡಲ್ಲಿ ಓಡ್ಸುದ್ರೆ ಆಯ್ತದೆ.”

“ಹೊಗೆ?”

“ಹೊಗೆ ಬರಲ್ಲ. ಸುಮ್ನೆ ಸೋತೋಯ್ತದೆ.”

ಇಲ್ಯಾಸ್ ಭಾಯಿ ಕಣ್ಣು ಸಣ್ಣದು ಮಾಡಿ ನನ್ನ ಕಡೆ ತಿರುಗಿದರು. ವಿದ್ಯಾವಂತ ಅಂತ ನನಗೆ ಪಾಠ ಮಾಡಿದರು ಅನ್ನಿಸುತ್ತದೆ. “ಕೇಳಿದ್ರಾ ಸಾರ್? ಕರೀ ಹೊಗೆ ಬಂದು ಪವರ್ ಹೋದ್ರೆ ಎಂಜಿನ್‌ಗೆ ಗಾಳಿ ಸಾಲ್ದು ಅಂತ. ಹೊಗೇನೇ ಇಲ್ದೆ ಹೋದ್ರೆ ಡೀಸೆಲ್ ಸಾಲ್ದು ಅಂತ. ಅರ್ಧ ಕೆಲ್ಸ ಅಕ್ಕನೇ ಮಾಡವ್ರೆ.” ಮತ್ತೆ ಅತ್ತಿಗೆಯ ಕಡೆಗೆ: “ಇನ್ನೇನಾದ್ರೂ?”

ಅತ್ತಿಗೆ ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು. ನಗುತ್ತಾರೋ ಎಂಬ ಅನುಮಾನ.

“ನಿಂತಾಗ ಮುಚ್ಚಳ ತಗುದ್ರೆ... ಪುಸ್ ಅಂತದೆ.”

ಇಲ್ಯಾಸ್ ಭಾಯಿ ನಗಲಿಲ್ಲ. ನಾವು ಕೊಟ್ಟಿದ್ದ ಟೀ ಲೋಟ ಕೆಳಗಿಟ್ಟರು. “ಒಳಕ್ ಎಳ್ಕೊಂಡಂಗಾ, ಹೊರಕ್ ಬಿಟ್ಟಂಗಾ?”

“ಒಳಕ್ ಎಳ್ಕೊಂಡಂಗೆ.”

“ಸರಿ. ಗಾಡಿ ಹತ್ತಿ.”

ಅಣ್ಣ ಅಡ್ಡ ಬಂದ. “ಭಾಯಿ, ಅವ್ಳು ಬ್ಯಾಡ. ನಾನೇ...”

“ಏರಿನ್ಮ್ಯಾಲೆ ಬ್ಯಾಡ. ಇಲ್ಲೇ, ಸಮನೆಲ್ದಲ್ಲಿ. ನೇಗ್ಲು ಇಳ್ಸಿ ಉಳ್ಲಿ. ಅಕ್ಕನ ಕೈಗೇ ಗೊತ್ತಾಗದು ಅದು.”

ಅಣ್ಣ ಕೀ ಕೊಟ್ಟ. ಕೊಡುವ ಮುಂಚೆ ಅವನ ಕಣ್ಣು ಒಮ್ಮೆ ಹೊಂಡದ ಕಡೆ ಹೋಗಿ ಬಂತು. ಅಲ್ಲಿಯವರೆಗೆ ನಾನು ಅವನ ಮೇಲೆ ಸಿಟ್ಟಿನಲ್ಲಿದ್ದೆ. ಅದನ್ನು ಕಂಡ ಮೇಲೆ ಸಿಟ್ಟು ಅರ್ಧ ಇಳಿಯಿತು. ಇವನೂ ನನ್ನ ಹಾಗೆಯೇ, ಗಾಳಿಯಲ್ಲಿ ನೇತಾಡುತ್ತಿದ್ದ ಆ ಚಕ್ರವನ್ನು ದಿನಾ ಮನಸ್ಸಿನಲ್ಲಿ ನೋಡುತ್ತಿದ್ದಾನೆ ಅನ್ನಿಸಿತು.

ಇಲ್ಯಾಸ್ ಭಾಯಿ ಇಟ್ಟ ಷರತ್ತು ಒಂದೇ. “ಯಾರೂ ಮುಚ್ಚಳ ಮುಟ್ಬಾರ್ದು. ಡೀಸೆಲ್ ಐತಾ ಅಂತ ನೋಡೋದೂ ಬ್ಯಾಡ.”

ಅತ್ತಿಗೆ ಉಳತೊಡಗಿದರು. ಮೂರು ವಾರ ಆಗಿತ್ತು. ಮೊದಲ ಸಾಲಿನಲ್ಲಿ ಭುಜ ಬಿಗಿದಿತ್ತು, ಎರಡನೆಯದರಲ್ಲಿ ಸಡಿಲವಾಯಿತು. ನಾಲ್ಕನೆಯ ಸಾಲಿಗೆ ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈ ಮಡ್‌ಗಾರ್ಡ್ ಮೇಲೆ. ಹಿಂದೆ ಮಣ್ಣು ಬಾಚಿದ ಕೂದಲಿನ ಹಾಗೆ ಮಲಗುತ್ತಾ ಹೋಯಿತು. ನಿಜ ಹೇಳಲಾ? ನನ್ನ ಅತ್ತಿಗೆಯ ಕೆಲಸವನ್ನು ನಾನು ಅವತ್ತಿಗೆ ಮುಂಚೆ ಸರಿಯಾಗಿ ನೋಡಿರಲೇ ಇಲ್ಲ. ಊಟಕ್ಕೆ ಕೂತಾಗ ಮುದ್ದೆ ಬಿಸಿ ಇದೆಯಾ ಅಂತ ನೋಡಿದ್ದೇನೆ, ಅಷ್ಟೇ.

ಇಲ್ಯಾಸ್ ಭಾಯಿ ಗಾಡಿಯ ಪಕ್ಕದಲ್ಲೇ, ಕೈ ಹಿಂದೆ ಕಟ್ಟಿಕೊಂಡು, ತಲೆ ಒಂದು ಕಡೆ ವಾಲಿಸಿ ನಡೆಯುತ್ತಿದ್ದರು. ಕೈಯಲ್ಲಿ ಸ್ಪ್ಯಾನರಿಲ್ಲ, ಸ್ಕ್ರೂಡ್ರೈವರ್ ಇಲ್ಲ. ನಾನು ಕೇಳಿದರೆ, “ಕಿವಿ ಐತಲ್ಲ ಸಾರ್” ಅಂದರು.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಕರಿಯಪ್ಪ ಆಕಳಿಸಿದರು.

ಆಮೇಲೆ ಬಂತು. ಅದೇ ಸದ್ದು. ‘ಡುಗುಡುಗು’ ತೆಳ್ಳಗಾಗುತ್ತಾ ‘ಡುಗ್... ಡುಗ್...’ ನನ್ನ ಎಡಗಾಲು ನೆಲ ಒತ್ತಿತು. ಸಮನೆಲ, ಹೊಂಡ ಇಲ್ಲ, ಏರು ಇಲ್ಲ, ಆದರೂ ಒತ್ತಿತು.

“ಅಕ್ಕ, ನಿಲ್ಲುಸ್ಬ್ಯಾಡಿ! ಮುಚ್ಚಳ ತಿರುಗ್ಸಿ, ಮುಚ್ಚಳ!”

ಅತ್ತಿಗೆ ಬಗ್ಗಿ ಎಡಗೈಯಲ್ಲಿ ಟ್ಯಾಂಕಿನ ಮುಚ್ಚಳ ತಿರುಗಿಸಿದರು.

ಪುಸ್ಸ್ಸ್.

ಎಂಜಿನ್ನಿನ ಸದ್ದಿನ ನಡುವೆಯೂ ನಮಗೆಲ್ಲ ಕೇಳಿಸಿತು. ಒಂದೆರಡು ಸಲ ಎಂಜಿನ್ ತೊದಲಿತು. ಆಮೇಲೆ, ಮುಳುಗಿದವರು ನೀರಿನ ಮೇಲೆ ತಲೆ ಎತ್ತಿ ಉಸಿರು ಎಳೆದುಕೊಂಡ ಹಾಗೆ, ಒಮ್ಮೆಲೇ ‘ಡುಗುಡುಗುಡುಗು’ ಅಂತ ಎದ್ದಿತು. ನೇಗಿಲು ಮಣ್ಣು ಸೀಳಿಕೊಂಡು ಮುಂದೆ ಹೋಯಿತು. ಅತ್ತಿಗೆ ಸೀಟಿನ ಮೇಲಿಂದಲೇ ಹಿಂದೆ ತಿರುಗಿ ಅಣ್ಣನನ್ನು ನೋಡಿದರು.

ಇಲ್ಯಾಸ್ ಭಾಯಿ ಮುಚ್ಚಳ ಇಸಿದುಕೊಂಡು ಜಗಲಿಯ ಮೇಲೆ ಕೂತರು. “ಟ್ಯಾಂಕಿಂದ ಡೀಸೆಲ್ ಹೊರಗ್ ಹೋದಂಗೆ ಒಳಕ್ ಗಾಳಿ ಬರ್ಬೇಕು ಸಾರ್. ಬಾಟ್ಲಿ ಬಾಯಿಗೆ ತುಟಿ ಬಿಗಿಯಾಗಿ ಕಚ್ಚಿ ಕುಡೀರಿ, ಸ್ವಲ್ಪ ಹೊತ್ತಿಗೆ ನೀರು ಬರಾದು ನಿಂತೋಯ್ತದೆ. ಇದೂ ಅಷ್ಟೇ. ಅದ್ಕೇ ಮುಚ್ಚಳದಲ್ಲಿ ಒಂದು ಕಿಂಡಿ ಇರ್ತದೆ. ಗುಂಡುಸೂಜಿ ಗಾತ್ರ. ಅದು ಗಾಡಿ ಮೂಗು.”

ನನಗೆ ಆಗ ಅರ್ಥವಾಯಿತು. ನೋಡಲು ಬಂದವರೆಲ್ಲ ಮೊದಲು ಮಾಡಿದ್ದು ಮುಚ್ಚಳ ತೆಗೆದು ಡೀಸೆಲ್ ಇದೆಯಾ ಎಂದು ನೋಡಿದ್ದು. ತೆಗೆದ ಕೂಡಲೇ ಗಾಳಿ ಒಳಗೆ ಹೋಗಿ ಕಾಯಿಲೆ ವಾಸಿಯಾಗುತ್ತಿತ್ತು. ರೋಗ ಹುಡುಕಲು ಬಂದವರು ರೋಗವನ್ನು ಓಡಿಸಿ, ಆಮೇಲೆ ರೋಗವೇ ಇಲ್ಲ ಎಂದು ಸರ್ಟಿಫಿಕೇಟ್ ಕೊಡುತ್ತಿದ್ದರು!

ಇಲ್ಯಾಸ್ ಭಾಯಿ ಮುಚ್ಚಳವನ್ನು ಉಗುರಿನಿಂದ ಕೆರೆದರು. ಮೇಲಿದ್ದದ್ದು ಬರಿಯ ಧೂಳು ಅಂತ ನಾವು ತಿಳಿದಿದ್ದೆವು. ಧೂಳಿನ ಕೆಳಗೆ ಗಟ್ಟಿಯಾದ ಒಂದು ಹಕ್ಕಳೆ. ಡೀಸೆಲ್ ಕುಡಿದು, ಬಿಸಿಲಿಗೆ ಒಣಗಿ, ಸಿಮೆಂಟಿನ ಹಾಗಾಗಿತ್ತು. ಕೆರೆದದ್ದನ್ನು ಅಂಗೈಗೆ ಹಾಕಿಕೊಂಡು ಬೆರಳಿನಿಂದ ಉಜ್ಜಿದರು. ಒಳಗಿಂದ ಹಳದಿ ಬಂತು. ಹಳದಿಯ ನಡುವೆ ಕೆಂಪು.

ಮೂಸಿ ನೋಡಿದರು. “ಗಂಧ” ಅಂದರು. ತಲೆ ಎತ್ತದೆ, “ಇದು ಯಾರ ಭಕ್ತಿ?” ಅಂದರು.

ಅಣ್ಣ ನನ್ನ ಕಡೆ ತಿರುಗಿದ.

ಓದುಗರೇ, ಈಗ ಹೇಳಲೇಬೇಕು. ಆಯುಧ ಪೂಜೆಗೆ ನಾನು ತಪ್ಪದೆ ಊರಿಗೆ ಹೋಗುತ್ತೇನೆ. ಮೈಸೂರಲ್ಲಿ ಕೂತವನಿಗೆ ಹಳ್ಳಿಯ ಪೂಜೆಯ ಮೇಲೆ ಪ್ರೀತಿ ಜಾಸ್ತಿ. ಈ ಸಲ ಮರಿ ಟ್ರ್ಯಾಕ್ಟರಿನ ಅಲಂಕಾರ ನಂದೇ ಎಂದು ಹಟ ಹಿಡಿದಿದ್ದೆ. ಬಾಳೆಕಂದು ಕಟ್ಟಿದೆ. ಚೆಂಡು ಹೂವಿನ ಹಾರ ಹಾಕಿದೆ. ಬಾನೆಟ್ ಮೇಲೆ ದುಂಡಗೆ ಎದ್ದು ನಿಂತಿದ್ದ ಡೀಸೆಲ್ ಮುಚ್ಚಳ ನೋಡಿದರೆ ಹಣೆಯ ಹಾಗೇ ಕಂಡಿತು. ಗಂಧಕ್ಕೆ ಅರಿಶಿನ, ಒಂದು ಚಿಟಿಕೆ ಮೈದಾ ಸೇರಿಸಿ (ಸೇವಂತಿಗೆ ಹೂವು ಬೀಳದೆ ನಿಲ್ಲಲಿ ಅಂತ ನನ್ನದೇ ಸಂಶೋಧನೆ), ಮುಚ್ಚಳದ ತುಂಬ ದಪ್ಪಗೆ ಮೆತ್ತಿ, ನಡುವೆ ಕುಂಕುಮ ಇಟ್ಟು, ಹೂವು ಒತ್ತಿದ್ದೆ. ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ: ‘ನಮ್ಮ ಮನೆಯ ಐರಾವತ’. ಎಷ್ಟೋ ಜನ ಹಾರ್ಟ್ ಒತ್ತಿದ್ದರು. ಹೂವು ಒಣಗಿ ಬಿತ್ತು. ಅಂಟು ಉಳಿಯಿತು. ಮೇಲೆ ಧೂಳು ಕೂತಿತು.

ಐರಾವತದ ಮೂಗು ಮುಚ್ಚಿದವನು ನಾನು. ಕಣ್ಣೆದುರೇ ಅದು ಉಸಿರುಗಟ್ಟಿದಾಗ ‘ಕ್ಲಚ್ ಒತ್ತಿ’ ಎಂದು ಕೂಗಿದವನೂ ನಾನೇ.

“ನಾನು ಭಾಯಿ” ಅಂದೆ.

ಇಲ್ಯಾಸ್ ಭಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. “ನಮ್ ಗ್ಯಾರೇಜಲ್ಲೂ ಆಯುಧ ಪೂಜೆ ಮಾಡ್ತೀವಿ ಸಾರ್. ತಪ್ಪೇನಿಲ್ಲ. ಹಣೆಗ್ ಇಡಿ. ಮೂಗಿಗ್ ಇಡ್ಬ್ಯಾಡಿ.”

ಕರಿಯಪ್ಪ ಬೇಲಿ ಹಿಡಿದುಕೊಂಡು ನಕ್ಕರು. ಅಣ್ಣ ನಗಲಿಲ್ಲ.

“ಇನ್ನೊಂದ್ ಕೇಳ್ಬೇಕಿತ್ತು” ಅಂದೆ. ಮೂರು ವಾರದಿಂದ ಎದೆಯಲ್ಲಿ ಕೂತಿದ್ದದ್ದು. “ಅವತ್ತು ಏರಿನಲ್ಲಿ ಅತ್ತಿಗೆ ಕ್ಲಚ್ ಒತ್ತಿದ್ರೆ?”

ಇಲ್ಯಾಸ್ ಭಾಯಿ ಮುಚ್ಚಳದ ಕಿಂಡಿಗೆ ತಂತಿ ಚುಚ್ಚುತ್ತಿದ್ದವರು ನಿಲ್ಲಿಸಿದರು. “ಗೇರಲ್ಲಿದ್ರೆ ಸತ್ತ ಎಂಜಿನ್ನೂ ಚಕ್ರ ಹಿಡ್ಕೊಂಡಿರ್ತದೆ ಸಾರ್. ಕ್ಲಚ್ ಒತ್ತುದ್ರೆ ಆ ಹಿಡ್ತ ಹೋಯ್ತು. ಬರೀ ಬ್ರೇಕು ಅಷ್ಟು ಸೌದೆ ತಡ್ಯಲ್ಲ. ಸೀದಾ ನೀರ್ಗೇ.” ಒಂದು ಸಲ ಹೊಂಡದ ಕಡೆ ನೋಡಿದರು. ಆಮೇಲೆ ಅತ್ತಿಗೆಯ ಕಡೆ. “ನಲವತ್ತು ವರ್ಷದಿಂದ ಗಾಡಿ ನೋಡ್ತಿದೀನಿ. ಆ ಹೊತ್ನಲ್ಲಿ ಕ್ಲಚ್ ಒತ್ತದೆ ಟ್ರೇಲರ್ ಮಡ್ಚೋರು ಬೆರಳೆಣಿಕೆ. ನಾನಾಗಿದ್ರೂ ಒತ್ತುಬಿಡ್ತಿದ್ನೋ ಏನೋ.”

ಕರಿಯಪ್ಪನ ನಗು ನಿಂತಿತು. ಅವರು ಬೇಲಿ ಬಿಟ್ಟು ಮೆಲ್ಲಗೆ ತಮ್ಮ ಹೊಲದ ಕಡೆ ಹೊರಟರು. ಹೋಗುವಾಗ ಯಾರಿಗೂ ಹೇಳದ ಹಾಗೆ, “ಮೂಗು ಅಂತೆ, ಮೂಗು” ಅಂದುಕೊಂಡರು.

ಅಣ್ಣ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಅಲ್ಲಿಂದಲೇ ಅತ್ತಿಗೆಗೆ, “ನಂಗೆ ಹೆದ್ರಿಕೆ ಆಗಿತ್ತು ಕಣೇ” ಅಂದ.

“ನಂಗೇನ್ ಆಗಿರ್ಲಿಲ್ವಾ?” ಅಂದರು ಅತ್ತಿಗೆ. “ಹೆದ್ರಿಕೆ ಆದ್ರೆ ಬ್ರೇಕ್ ಒತ್ಬೇಕು. ಕೀ ಯಾಕ್ ಕಿತ್ಕೋಬೇಕು?”

ಕೀ ಹೇಗೂ ಗಾಡಿಯಲ್ಲೇ ಇತ್ತು. ಅಣ್ಣ ಆ ಕೀ ಇಲ್ಲದ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಗಾಡಿಯ ಕಡೆ ಹೋಗಲಿಲ್ಲ.

ಮಧ್ಯಾಹ್ನ ಇಲ್ಯಾಸ್ ಭಾಯಿ ಹೊರಟ ಮೇಲೆ ಅತ್ತಿಗೆ ಟ್ರೇಲರ್ ಸಿಕ್ಕಿಸಿದರು. ಬ್ಯಾರನ್ ಮತ್ತೆ ಉರಿಯುತ್ತಿತ್ತು, ಸೌದೆ ಬೇಕಿತ್ತು. ಅಣ್ಣ ಏರಿನ ಬುಡದಲ್ಲಿ ಚಕ್ರಕ್ಕೆ ಕೊಡಲು ದೊಡ್ಡ ಕಲ್ಲು ಹಿಡಿದು ನಿಂತ. ನಾನು ಏರಿನ ಮೇಲೆ ನಿಂತೆ. ಈ ಸಲ ಮೊಬೈಲ್ ಜೇಬಿನಲ್ಲಿತ್ತು. ಗಾಡಿ ಮೂಗು ಎತ್ತಿ ಏರಿಗೆ ಬಂದಾಗ ಬಾಯಿ ತಾನಾಗಿ ತೆರೆಯಿತು. ಅಂಗೈಯಿಂದ ಮುಚ್ಚಿಕೊಂಡೆ. ಮರಿ ಟ್ರ್ಯಾಕ್ಟರ್ ಒಂದೇ ಉಸಿರಿಗೆ ಹತ್ತಿಬಂದು ನನ್ನ ಪಕ್ಕ ನಿಂತಿತು.

“ಅತ್ತಿಗೆ, ಅವತ್ತು ನಾನು ಕೂಗಿದ್ದು ನಿಮಗೆ ಕೇಳಿಸಲಿಲ್ಲ ಅಲ್ವಾ?”

“ಕೇಳುಸ್ತು ಮೇಷ್ಟ್ರೇ. ಚೆನ್ನಾಗಿ ಕೇಳುಸ್ತು” ಅಂದರು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ. “ಅದ್ಕೇ ಒತ್ಲಿಲ್ಲ.”

ಗಾಡಿ ಬ್ಯಾರನ್ ಕಡೆ ಹೋಯಿತು. ಕೆಳಗೆ ಅಣ್ಣ ಇನ್ನೂ ಕಲ್ಲು ಹಿಡಿದೇ ನಿಂತಿದ್ದ.

ಬರುವ ವರ್ಷ ಆಯುಧ ಪೂಜೆ ಅತ್ತಿಗೆಯೇ ಮಾಡುತ್ತಾರಂತೆ, ನನಗೆ ಗಂಟೆ ಅಲ್ಲಾಡಿಸುವ ಕೆಲಸ ಮಾತ್ರ. ಅದಿರಲಿ, ನಿಮ್ಮ ಮನೆಯಲ್ಲಿ ‘ಪುಸ್’ ಅಂತಿದೆ ಎಂದು ಯಾರಾದರೂ ಹೇಳುತ್ತಿದ್ದಾರಾ? ಅವರ ಕೀ ಯಾರ ಸೊಂಟದಲ್ಲಿದೆ?